ಸೇತುವೆಯಿಂದ ಬಿದ್ದ ಮೇಷ್ಟ್ರು

ನಾಟಕದಲ್ಲಿ ಕತ್ತಿ ಹಿಡಿದು ಹೊಡೆದಾಡುವುದನ್ನೂ, ಹೊಡೆತ ತಿಂದು ಸಾಯುವುದನ್ನೂ ಇಪ್ಪತ್ತೆರಡು ವರ್ಷ ಕಲಿಸಿದ ಮನುಷ್ಯ ಅವರು. ಕಂಪನಿಯಲ್ಲಿ ಎಲ್ಲರಿಗೂ ಕತ್ತಿ ಮೇಷ್ಟ್ರು. ರಾಜನ ಪಾತ್ರಕ್ಕೆ ಎತ್ತರ ಸಾಲದು, ಪ್ರೇಮಿಯ ಪಾತ್ರಕ್ಕೆ ಮುಖ ಸಾಲದು. ಆದರೆ ಯಾರಾದರೂ ಮೆಟ್ಟಿಲ ಮೇಲಿಂದ ಉರುಳಬೇಕು, ಕಿಟಕಿಯಿಂದ ಹಾರಬೇಕು, ಬೆನ್ನಿಗೆ ಇರಿತ ತಿಂದು ಮೊದಲ ಸಾಲಿನವರ ಕಡೆ ಕೈಚಾಚಿ ಕಣ್ಣು ಮುಚ್ಚಬೇಕು ಎಂದರೆ ಅವರೇ ಬೇಕು. ಬಟ್ಟೆ ರಿಪೇರಿ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದ ಅವರ ಹೆಂಡತಿ, ಬಂದ ಗಿರಾಕಿಗಳ ಹತ್ತಿರ, "ನಮ್ಮನೆಯವರು ವಾರಕ್ಕೆ ಮೂರು ಸಲ ಸಾಯ್ತಾರೆ. ಭಾನುವಾರ ಎರಡು ಆಟ ಇದ್ರೆ ನಾಲ್ಕು" ಎಂದು ನಗುತ್ತಿದ್ದಳು.

ಬೀಳುವುದರಲ್ಲಿ ಮೇಷ್ಟ್ರಿಗೆ ಅವರದೇ ಶಾಸ್ತ್ರವಿತ್ತು. ನೆಲ ಮುಟ್ಟುವ ಮೊದಲೇ ಉಸಿರು ಹೊರಗೆ ಹೋಗಿರಬೇಕು. ಗದ್ದ ಎದೆಗೆ ಅಂಟಿರಬೇಕು. ಮೂಳೆ ಇರುವ ಜಾಗ ನೆಲಕ್ಕೆ ಕೊಡಬಾರದು, ಮಾಂಸ ಇರುವ ಜಾಗ ಕೊಡಬೇಕು. ಹೊಸಬರು ಬಂದರೆ ಮೊದಲ ತಿಂಗಳು ಕತ್ತಿ ಮುಟ್ಟಲು ಬಿಡುತ್ತಿರಲಿಲ್ಲ, ಬರೀ ಬೀಳಿಸುತ್ತಿದ್ದರು. "ಹೊಡೆಯೋಕೆ ಯಾರಿಗೆ ಬೇಕಾದ್ರೂ ಬರುತ್ತೆ ಕಣ್ರೋ. ಹೊಡೆತ ತಿಂದವನು ಚೆನ್ನಾಗಿ ಬಿದ್ದರೇನೇ ಹೊಡೆದವನು ಶೂರ."

ಅವರಿಗೆ ಐವತ್ತನಾಲ್ಕು ತುಂಬಿದ ವರ್ಷ ನಾಟಕ ಕಂಪನಿ ಮುಗ್ಗರಿಸಿತು. ವಾರಕ್ಕೆ ಮೂರು ಆಟ ಇದ್ದದ್ದು ತಿಂಗಳಿಗೆ ಎರಡಾಯಿತು. ಅದೇ ಹೊತ್ತಿಗೆ ಹಳೆಯ ಶಿಷ್ಯನೊಬ್ಬ ಮನೆ ಹುಡುಕಿಕೊಂಡು ಬಂದ. ಕಡ್ಡಿ ಎಂದು ಕರೆಯುತ್ತಿದ್ದರು ಅವನನ್ನು, ಅಷ್ಟು ತೆಳ್ಳಗಿದ್ದ. ಈಗ ಸ್ವಲ್ಪ ಹೊಟ್ಟೆ ಬಂದಿತ್ತು, ತಲೆ ಮುಂದೆ ಬೋಳಾಗಿತ್ತು. ದೊಡ್ಡ ವಿಡಿಯೋ ಗೇಮ್ ಕಂಪನಿಯೊಂದರಲ್ಲಿ ಹೊಡೆದಾಟದ ನಿರ್ದೇಶಕನಂತೆ.

"ಹಳೇ ಕಾಲದ ಜಪಾನು ಮೇಷ್ಟ್ರೇ. ಒಬ್ಬ ಸಮುರಾಯ್ ಗುರು ಇರ್ತಾನೆ, ಅವನಿಗೆ ಆರು ಜನ ಶಿಷ್ಯರು. ಐದು ಜನ ಸೇರ್ಕೊಂಡು ಗುರುವನ್ನ ಕೊಂದು ಅವನ ಸೀಮೆ ಹಂಚ್ಕೋತಾರೆ. ಉಳಿದ ಒಬ್ಬ ಸೇಡು ತೀರಿಸ್ಕೊಳ್ಳೋಕೆ ಹೊರಡ್ತಾನೆ. ಗೆರೆ ಎಳೆದ ದಾರಿ ಅಂತ ಇಲ್ಲ, ಎಲ್ಲಿಗೆ ಬೇಕಾದ್ರೂ ಹೋಗಬಹುದು. ಬೆಟ್ಟ, ಕಾಡು, ಹಳ್ಳಿ, ಸಮುದ್ರದ ದಡ. ಯಾರನ್ನ ಮೊದಲು ಕೊಲ್ಲಬೇಕು ಅನ್ನೋದು ಆಡೋರ ಇಷ್ಟ."

"ಗುರುವಿನ ಪಾತ್ರ ನನಗೆ ತಾನೆ? ಸಾಯೋದು ಅಂದ್ರೆ ನಾನೇ ಇರಬೇಕು" ಎಂದರು ಮೇಷ್ಟ್ರು.

"ಎಲ್ಲಾ ಪಾತ್ರಾನೂ ನಿಮಗೇ" ಎಂದ ಕಡ್ಡಿ.

ಅವನು ತಮಾಷೆ ಮಾಡಿರಲಿಲ್ಲ. ಊರ ಹೊರಗಿನ ಹಳೆಯ ಗೋದಾಮೊಂದು ಸ್ಟುಡಿಯೋ ಆಗಿತ್ತು. ಕಿಟಕಿಯಿಲ್ಲ. ಸುತ್ತಲೂ ಕಬ್ಬಿಣದ ಕಂಬಿಗಳ ಮೇಲೆ ಅರವತ್ತು ಕ್ಯಾಮೆರಾ. ಮೇಷ್ಟ್ರಿಗೆ ಮೈಗಂಟುವ ಕಪ್ಪು ಉಡುಪು ತೊಡಿಸಿ, ಅದರ ಮೇಲೆಲ್ಲ ಗೋಲಿಗಾತ್ರದ ಹೊಳೆಯುವ ಗುಂಡು ಅಂಟಿಸಿದರು. ಹಣೆಗೊಂದು ಪಟ್ಟಿ, ಅದರಿಂದ ಬಾಯಿಯ ಮುಂದಕ್ಕೆ ಬಾಗಿದ ಪುಟ್ಟ ಮೈಕು. ಕ್ಯಾಮೆರಾಗಳಿಗೆ ಮನುಷ್ಯ ಕಾಣುವುದಿಲ್ಲ, ಗುಂಡುಗಳು ಮಾತ್ರ ಕಾಣುತ್ತವೆ. ಗುಂಡುಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ತೆಗೆದುಕೊಂಡು ಅದರ ಮೇಲೆ ಬೇರೆಯವರ ಮುಖ, ಬೇರೆಯವರ ಎತ್ತರ ಹೊದಿಸುತ್ತಾರೆ. ಕನ್ನಡಿಯಲ್ಲಿ ನೋಡಿಕೊಂಡು ಮೇಷ್ಟ್ರು, "ಮೈತುಂಬ ಮೊಗ್ಗು ಬಿಟ್ಟ ಗಿಡದ ಹಾಗಿದೀನಲ್ಲೋ" ಎಂದು ನಕ್ಕರು.

ಎಂಟು ತಿಂಗಳು ನಡೆಯಿತು ಆ ಕೆಲಸ. ಅವರ ಬದುಕಿನ ಅತಿ ಸುಖದ ತಿಂಗಳುಗಳು ಎಂದರೂ ತಪ್ಪಿಲ್ಲ. ಐದು ಜನ ವೈರಿಗಳು ಬರೆದುಕೊಟ್ಟ ಕಥೆಯಲ್ಲಿ ಒಂದೇ ಅಚ್ಚಿನವರಾಗಿದ್ದರು. ಮೇಷ್ಟ್ರು ಒಪ್ಪಲಿಲ್ಲ. "ಒಬ್ಬನೇ ಗುರು ಕಲಿಸಿದ್ರೂ ಐದು ಜನ ಐದು ಥರ ಹಿಡೀತಾರೆ ಕತ್ತಿ" ಎಂದು ಹಟ ಹಿಡಿದು ಒಬ್ಬೊಬ್ಬನಿಗೂ ಒಂದೊಂದು ಮೈ ಕೊಟ್ಟರು. ಒಬ್ಬ ಎಡಚ, ಅವನ ಹೊಡೆತ ತಡೆಯಬೇಕೆಂದರೆ ಆಡುವವನು ಅಷ್ಟು ಹೊತ್ತು ರೂಢಿಸಿಕೊಂಡದ್ದೆಲ್ಲ ಮರೆಯಬೇಕು. ಒಬ್ಬನಿಗೆ ಗುರುವನ್ನು ಕೊಂದ ಭಯ ಇನ್ನೂ ಹೋಗಿಲ್ಲ. ಮೂರು ಹೆಜ್ಜೆ ಹಿಂದೆ ಸರಿದು ಇದ್ದಕ್ಕಿದ್ದಂತೆ ಮೇಲೆ ಬೀಳುತ್ತಾನೆ. ಒಬ್ಬ ಕುಡುಕ, ತೂರಾಡುವುದೇ ಅವನ ಬಲ. ಒಬ್ಬ ಕತ್ತಿಯನ್ನು ಒರೆಯಿಂದ ತೆಗೆಯುವುದೇ ಇಲ್ಲ, ಎದುರಿನವನು ತಾಳ್ಮೆಗೆಟ್ಟು ಕೈ ಎತ್ತುವ ತನಕ ಕಾಯುತ್ತಾನೆ. ಕೊನೆಯವನು ಹಿರಿಯ ಶಿಷ್ಯ, ಸೇತುವೆಯ ಮೇಲೆ ನಿಂತವನು. ಅವನಿಗೆ ಮೇಷ್ಟ್ರು ಯಾವ ಚಮತ್ಕಾರವನ್ನೂ ಕೊಡಲಿಲ್ಲ. ಸುಮ್ಮನೆ ಚೆನ್ನಾಗಿ ಹೊಡೆದಾಡುತ್ತಾನೆ, ಅಷ್ಟೆ. ಮೇಷ್ಟ್ರು ಬೆಳಿಗ್ಗೆ ಕೊಲ್ಲುವವರಾಗಿ ಕತ್ತಿ ಬೀಸಿ, ಊಟವಾದ ಮೇಲೆ ಅದೇ ಏಟು ತಿಂದು ಸಾಯುವವರಾಗುತ್ತಿದ್ದರು. ಒಂದು ದಿನ ಮೂವತ್ತೊಂದು ಸಲ ಸತ್ತು, ಮನೆಗೆ ಬಂದು ಹೆಂಡತಿಗೆ ಲೆಕ್ಕ ಒಪ್ಪಿಸಿದರು. "ನಿಮ್ಮ ಹೆಸರಲ್ಲಿ ವಿಮೆ ಮಾಡಿಸಿದ್ರೆ ಕಂಪನಿ ಬಾಗಿಲು ಹಾಕ್ಕೋತಿತ್ತು" ಎಂದಳು ಅವಳು.

ಕೊನೆಯ ವಾರ ಸೇತುವೆಯಿಂದ ಬೀಳುವ ದೃಶ್ಯ, ಅವರ ಮಾತಿನಲ್ಲಿ ಸೇತುವೆಯ ಬೀಳು. ಆಳೆತ್ತರದ ಅಟ್ಟಣೆ ಕಟ್ಟಿ, ಕೆಳಗೆ ದಪ್ಪ ಫೋಮ್ ಹಾಸಿಗೆಗಳನ್ನು ಜೋಡಿಸಿದ್ದರು. ಹೊಟ್ಟೆಗೆ ಇರಿತ ತಿಂದು ಹಿಮ್ಮುಖವಾಗಿ ಬೀಳಬೇಕು. ಮೇಷ್ಟ್ರು ಆರು ಸಲ ಬಿದ್ದರು. ಆರೂ ಸಲ ನೆಟ್ಟಗೆ. ಕಡ್ಡಿ ಪರದೆ ನೋಡಿ ತಲೆಯಾಡಿಸಿದ.

"ತುಂಬಾ ಚೆಂದ ಬೀಳ್ತಿದೀರ ಮೇಷ್ಟ್ರೇ. ನಾಟಕ ಅನ್ಸುತ್ತೆ. ಇನ್ನೊಂದ್ ಸಲ."

ಆರು ಸಲದ ಏಟಿಗೆ ಹಾಸಿಗೆಗಳು ಸರಿದು ನಡುವೆ ಒಂದು ಗೇಣು ಬಿರುಕು ಬಿಟ್ಟಿತ್ತು. ಪ್ರತಿ ಸಲ ಬಿದ್ದ ಮೇಲೂ ಅವನ್ನು ಜೋಡಿಸಬೇಕಾದವರು ಆಗ ಊಟಕ್ಕೆ ಹೋಗಿದ್ದರು. ಮೇಷ್ಟ್ರು ಯಾವಾಗಲೂ ತಾವೇ ಇಳಿದು ಮುಟ್ಟಿ ನೋಡುತ್ತಿದ್ದರು. ಆವತ್ತು ನೋಡಲಿಲ್ಲ. ನಾಟಕ ಅನ್ಸುತ್ತೆ ಎಂಬ ಮಾತು ಚುಚ್ಚಿತ್ತು. ಏಳನೆಯ ಸಲ ಬಿದ್ದಾಗ ಬಲಗಡೆಯ ಸೊಂಟ ಬಿರುಕಿನೊಳಗಿಂದ ಸಿಮೆಂಟ್ ನೆಲಕ್ಕೇ ಬಡಿಯಿತು. ಒಳಗೆ ಏನೋ ಲಟಕ್ಕೆಂದಿತು. ಅವರ ಬಾಯಿಂದ ಹೊರಟದ್ದು ಕೂಗೂ ಅಲ್ಲ, ಅಳುವೂ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅಂಥ ಸದ್ದು ಅವರು ಮಾಡಿರಲಿಲ್ಲ.

ನೋವಿಗೆ ಕಣ್ಣು ಕತ್ತಲೆ ಕಟ್ಟುವ ಮುಂಚೆ ಕಡ್ಡಿಯ ದನಿ ಕೇಳಿಸಿತು. ಅದು ಮೇಷ್ಟ್ರ ಕಡೆಗಲ್ಲ, ಕಂಪ್ಯೂಟರಿನ ಮುಂದೆ ಕೂತವನ ಕಡೆಗೆ. "ರೆಕಾರ್ಡ್ ಆಯ್ತಾ?"

ಆಸ್ಪತ್ರೆಯಲ್ಲಿ ಸೊಂಟಕ್ಕೆ ಲೋಹದ ಕೀಲು ಹಾಕಿದರು. ಖರ್ಚೆಲ್ಲ ಗೇಮ್ ಕಂಪನಿ ನೋಡಿಕೊಂಡಿತು, ಅದರಲ್ಲಿ ತಪ್ಪು ಹೇಳುವ ಹಾಗಿಲ್ಲ. ಕಡ್ಡಿ ಒಂದು ಸಲ ಹೂವಿನ ಗೊಂಚಲು ಹಿಡಿದು ಬಂದು, ಮಂಚದ ಅಂಚಿನಲ್ಲಿ ಕೂತು ಹೋದ. ಆ ರೆಕಾರ್ಡ್ ಮಾತಿನ ವಿಷಯ ಮೇಷ್ಟ್ರು ಎತ್ತಲಿಲ್ಲ. ನೋವಿನಲ್ಲಿ ಏನೇನೋ ಕೇಳಿಸಿರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ಊರುಗೋಲು ಬಂತು. ಕಾಲಿನಲ್ಲಿ ಕುಂಟು ಉಳಿಯಿತು. ನಾಟಕ ಕಂಪನಿಯವರು ಬಂದು ನೋಡಿ, ಚಹಾ ಕುಡಿದು, "ಹುಷಾರಾಗಿ ಮೇಷ್ಟ್ರೇ" ಎಂದು ಹೋದವರು ಮತ್ತೆ ಕರೆಯಲಿಲ್ಲ.

ಒಂದೂವರೆ ವರ್ಷದ ಮೇಲೆ ಗೇಮ್ ಬಿಡುಗಡೆಯಾಯಿತು. ಅದನ್ನು ಮೊದಲ ದಿನವೇ ತಂದವನು ಅಳಿಯ. ಲಿಫ್ಟ್ ರಿಪೇರಿ ಮಾಡುವವನು. ದಿನವೆಲ್ಲ ಕತ್ತಲೆ ಬಾವಿಯಂಥ ಜಾಗದಲ್ಲಿ ಹಗ್ಗ, ಚಕ್ರಗಳ ಜೊತೆ ಒಬ್ಬನೇ ಇದ್ದು ಮಾತು ಕಡಿಮೆ. ಮಗಳ ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಮಾವ ಅಳಿಯನ ನಡುವೆ "ಬನ್ನಿ", "ಕೂತ್ಕೊಳ್ಳಿ", "ಆಯ್ತು, ಬರ್ತೀವಿ" ಬಿಟ್ಟು ಮಾತು ಮುಂದೆ ಹೋಗಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಅವನೇ ಫೋನ್ ಮಾಡಿದ. "ಮಾವ, ಬರ್ತೀರಾ? ನಿಮ್ಮ ಗೇಮ್ ಶುರು ಮಾಡ್ತಿದೀನಿ."

ಹೆಂಡತಿಯ ಜೊತೆ ಹೋದರು. ಮಗಳ ಮನೆಯ ದೊಡ್ಡ ಟೀವಿಯ ಮುಂದೆ ಮಾವ ಅಳಿಯ ಸೋಫಾದಲ್ಲಿ ಕೂತರು. ಪರದೆಯ ಮೇಲೆ ಎತ್ತರದ, ಕಟ್ಟುಮಸ್ತಾದ, ಸಿನಿಮಾ ಮುಖದ ಸಮುರಾಯ್ ಬಂದ. ಒರೆಯ ಬಾಯಿಗೆ ಎಡಗೈ ಹೆಬ್ಬೆರಳು ಒತ್ತಿ ಕತ್ತಿಯನ್ನು ಇಷ್ಟೇ ಇಷ್ಟು ಮೇಲೆ ತಳ್ಳಿದ. ಮಗಳು ಬಾಗಿಲಲ್ಲಿ ನಿಂತಿದ್ದವಳು, "ಅಪ್ಪಾ, ಅದು ನೀವು!" ಎಂದು ಕಿರುಚಿದಳು. ಸಣ್ಣವಳಿದ್ದಾಗ ಅಡುಗೆಮನೆಯ ಸೌಟಿನಲ್ಲಿ ಅವಳಿಗೆ ಕಲಿಸಿಕೊಟ್ಟ ಹೆಬ್ಬೆರಳು ಅದು. ಮೇಷ್ಟ್ರ ಕಣ್ಣು ತುಂಬಿ ಬಂತು. ಪರದೆಯ ಮೇಲೆ ಅವರೇ ಊರುಗೋಲಿಲ್ಲದೆ ಬೆಟ್ಟ ಹತ್ತುತ್ತಿದ್ದರು, ಕುದುರೆಯಿಂದ ಜಿಗಿಯುತ್ತಿದ್ದರು.

ಆಮೇಲೆ ಪ್ರತಿ ಭಾನುವಾರ ಅದೇ ಆಯಿತು. ಅಳಿಯನ ಕೈ ಚುರುಕು, ತಾಳ್ಮೆ ಕಡಿಮೆ. ಎಡಚನ ಕೈಲಿ ಇಪ್ಪತ್ತು ಸಲ ಸತ್ತ. ಮೇಷ್ಟ್ರು ಪಕ್ಕದಲ್ಲಿ ಕೂತು, "ಕತ್ತಿ ನೋಡಬೇಡಿ, ಅವನ ಭುಜ ನೋಡಿ. ಭುಜ ಇಳಿದಾಗ ತಡೀರಿ" ಎನ್ನುತ್ತಿದ್ದರು. ಎರಡನೆಯ ತಿಂಗಳ ಹೊತ್ತಿಗೆ ಆ ಬಹುವಚನ ಉದುರಿಹೋಯಿತು. "ಕಾಯೋ, ಕಾಯಿ, ಈಗ್ಲೇ ಬೇಡ... ಹಾಂ, ಹೊಡಿ!" ಅಳಿಯ ಹೊಡೆಯುತ್ತಿದ್ದ, ವೈರಿ ಬೀಳುತ್ತಿದ್ದ, ಇಬ್ಬರೂ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಹೆಂಡತಿ ಮಗಳಿಗೆ ಹೇಳಿದಳು: "ನಿನ್ನ ಗಂಡನಿಗೆ ಬಾಯಿ ಇದೆ ಅಂತ ಇವತ್ತು ಗೊತ್ತಾಯ್ತು ಕಣೇ."

ಸೇತುವೆಗೆ ಬಂದದ್ದು ಮೂರನೆಯ ತಿಂಗಳ ಕೊನೆಗೆ. ಹಿರಿಯ ಶಿಷ್ಯನ ಜೊತೆ ಅರ್ಧ ಗಂಟೆ ಕಾದಾಟ ನಡೆಯಿತು. ಮೇಷ್ಟ್ರೇ ಹೇಳಿಕೊಡುತ್ತಿದ್ದರು, ಅವನು ಯಾವಾಗ ಉಸಿರು ತೆಗೆದುಕೊಳ್ಳುತ್ತಾನೆ, ಯಾವಾಗ ಬಲಗಾಲ ಮೇಲೆ ಭಾರ ಹಾಕುತ್ತಾನೆ ಎಂದು. ಕೊನೆಗೆ ಅಳಿಯನ ಕತ್ತಿ ಹೊಟ್ಟೆಗೆ ಇಳಿಯಿತು. ಹಿರಿಯ ಶಿಷ್ಯ ಹಿಮ್ಮುಖವಾಗಿ ಸೇತುವೆಯಿಂದ ಬಿದ್ದು ಕೆಳಗಿನ ಬಂಡೆಗೆ ಬಡಿದ. ಟೀವಿಯಿಂದ ಆ ಸದ್ದು ಹೊರಟಿತು.

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. "ಏನಾಯ್ತು ರೀ! ಎಲ್ಲಿ ಬಿದ್ರಿ?" ಎನ್ನುತ್ತ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. ಗೇಮ್ ಅವಳು ನೋಡುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಗಂಡನ ದನಿ. ಮೇಷ್ಟ್ರು ಸೋಫಾದಲ್ಲಿ ನೆಟ್ಟಗೆ ಕೂತಿದ್ದರು.

ಅಳಿಯ ಪರದೆಯಿಂದ ಕಣ್ಣು ಕೀಳದೆ, "ಸಖತ್ತಾಗಿದೆ ಅಲ್ವಾ ಮಾವ? ಎಲ್ಲರೂ ಇದನ್ನೇ ಹೇಳ್ತಿದ್ರು, ಕೊನೇ ಸಾವು ನೋಡು, ಮೈ ಜುಂ ಅನ್ನುತ್ತೆ ಅಂತ. ಇರಿ, ಇನ್ನೊಂದ್ ಸಲ ಹಾಕ್ತೀನಿ" ಎಂದ. ಹಾಕಿಯೂಬಿಟ್ಟ.

ಮಗಳು ಹೋಗಿ ವೈರು ಕಿತ್ತಳು. ಅಷ್ಟರಲ್ಲಿ ಆ ಸದ್ದು ಎರಡನೆಯ ಸಲ ಮನೆ ತುಂಬಿ ಆಗಿತ್ತು.

ಮಾರನೆಯ ದಿನವೇ ಮೇಷ್ಟ್ರು ಎರಡು ಬಸ್ಸು ಬದಲಿಸಿ ಗೋದಾಮಿಗೆ ಹೋದರು. ಮೊದಲನೆಯ ಬಸ್ಸಿನಲ್ಲಿ ಮುಂದಿನ ಸೀಟಿನವನೊಬ್ಬನ ಫೋನು ಅದೇ ಸದ್ದಿನಲ್ಲಿ ಬಡಿದುಕೊಂಡಿತು. ಅವನು ಎತ್ತಿ, "ಹಲೋ, ಹೇಳಿ ಸಾರ್" ಎಂದ. ಸುತ್ತಲಿನ ಇಬ್ಬರು ನಕ್ಕರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು.

ಕಡ್ಡಿ ಅವರನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ, ತಾನೇ ಕುರ್ಚಿ ಎಳೆದು ಕೂರಿಸಿದ.

"ಅದನ್ನ ತೆಗೆದುಬಿಡು ಕಣೋ" ಎಂದರು ಮೇಷ್ಟ್ರು. "ಮೊದಲಿನ ಆರು ಬೀಳು ಇದೆಯಲ್ಲ, ಅದರಲ್ಲಿ ಒಂದು ಹಾಕು. ಕೂಗು ಬೇಕಾದ್ರೆ ಇವತ್ತೇ ಕೂತು ಹೊಸದಾಗಿ ಮಾಡಿಕೊಡ್ತೀನಿ. ಎಷ್ಟು ಬೇಕೋ ಅಷ್ಟು."

"ಮೇಷ್ಟ್ರೇ, ಜನ ಅದನ್ನೇ ಹೊಗಳ್ತಿರೋದು. ಇಂಥ ಸಾವು ಯಾವ ನಟನೂ ಮಾಡಿಲ್ಲ ಅಂತಿದಾರೆ."

"ನಾನು ಮಾಡಿದ್ದಲ್ಲ ಅದು. ಆಗಿದ್ದು."

ಕಡ್ಡಿ ಮೇಜಿನ ಮೇಲಿನ ಕಾಗದ ಸರಿಪಡಿಸಿದ. ಮೇಷ್ಟ್ರು ಅಷ್ಟು ದಿನ ನುಂಗಿಕೊಂಡದ್ದನ್ನು ಕೇಳಿಯೇಬಿಟ್ಟರು. "ಆವತ್ತು ನಾನು ಬಿದ್ದಾಗ ರೆಕಾರ್ಡ್ ಆಯ್ತಾ ಅಂತ ಕೇಳಿದೆಯಾ ನೀನು?"

"ಕೇಳಿದೆ."

ಇಲ್ಲ ಎನ್ನುತ್ತಾನೆ, ಕಡೇ ಪಕ್ಷ ನೆನಪಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದರು ಮೇಷ್ಟ್ರು.

ಕಡ್ಡಿ ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಮುಷ್ಟಿ ಕಟ್ಟಿದರೂ ಕಿರುಬೆರಳು ಮಾತ್ರ ಮಡಚದೆ ನೆಟ್ಟಗೆ ನಿಂತಿತ್ತು. "ಇದು ನೆನಪಿದೆಯಾ ನಿಮಗೆ?"

ಮೇಷ್ಟ್ರಿಗೆ ನೆನಪಿರಲಿಲ್ಲ.

"ನನಗೆ ಹತ್ತೊಂಬತ್ತು ಆಗ. ಎದುರಿನವನ ಕತ್ತಿಯ ಅಂಚು ಮೊಂಡು ಮಾಡಿರಲಿಲ್ಲ, ಬೆರಳು ಮೂಳೆ ತನಕ ಸೀಳಿತು. ನೀವು ಪಕ್ಕದಲ್ಲೇ ಸತ್ತು ಬಿದ್ದಿದ್ರಿ. ನಾನು ನಿಮ್ಮನ್ನ ನೋಡಿದೆ. ಕಣ್ಣು ಮುಚ್ಕೊಂಡೇ ಹೇಳಿದ್ರಿ: ನಿಲ್ಲಿಸಬೇಡ, ಹೊಡಿ. ಹನ್ನೊಂದು ನಿಮಿಷ ಹೊಡೆದಾಡಿದೆ ಮೇಷ್ಟ್ರೇ. ಪರದೆ ಬಿದ್ದ ಮೇಲೆ ಬೆನ್ನು ತಟ್ಟಿ, ಇವತ್ತು ಚೆನ್ನಾಗಿ ಮಾಡಿದೆ ಅಂದ್ರಿ. ಆಸ್ಪತ್ರೆಗೆ ನಾನೊಬ್ಬನೇ ಹೋದೆ."

"ಅದಕ್ಕೆ ಸೇಡು ತೀರಿಸ್ಕೊಂಡೆಯಾ?" ಎಂದರು ಮೇಷ್ಟ್ರು.

"ಅಯ್ಯೋ, ಇಲ್ಲ." ಕಡ್ಡಿಗೆ ನಿಜವಾಗಿಯೂ ಆಶ್ಚರ್ಯವಾದ ಹಾಗಿತ್ತು. "ಆವತ್ತು ಬೆರಳು ನೆನಪಿಗೂ ಬರಲಿಲ್ಲ. ಸೇಡು ಅಂತಾದ್ರೆ ನಿಮಗೂ ಸಮಾಧಾನ ಇರ್ತಿತ್ತೇನೋ. ನೀವು ಕಲಿಸಿದ ಹಾಗೆ ಮಾಡಿದೆ, ಅಷ್ಟೆ."

ಮೇಷ್ಟ್ರು ಎದ್ದರು. ಬಾಗಿಲ ತನಕ ಬಂದ ಕಡ್ಡಿ ತೋಳು ಹಿಡಿಯಲು ಕೈ ಚಾಚಿದ. ಅವರು ಊರುಗೋಲನ್ನು ಅವನಿದ್ದ ಕಡೆಯ ತಮ್ಮ ಕೈಗೆ ಬದಲಿಸಿಕೊಂಡು ನಡೆದರು.

ದಾರಿಯುದ್ದಕ್ಕೂ ಆ ಆಟವನ್ನು ನೆನಪಿಸಿಕೊಳ್ಳಲು ಒದ್ದಾಡಿದರು. ಯಾವ ನಾಟಕ, ಯಾವ ಊರು, ಯಾವ ವರ್ಷ? ಎಷ್ಟೋ ಜನರ ಬೆನ್ನು ತಟ್ಟಿದ್ದರು. ಒಬ್ಬೊಬ್ಬರ ಕೈ, ಕಾಲು, ಮೂಗು ನೆನಪಿಗೆ ಬಂದವು. ಈ ಬೆರಳು ಮಾತ್ರ ಬರಲಿಲ್ಲ. ತಮ್ಮ ಸೊಂಟ ಮುರಿದ ದಿನದ ತಾರೀಖು, ಗಳಿಗೆ, ನೆಲದ ತಂಪು ಎಲ್ಲ ಬಾಯಿಪಾಠವಾಗಿತ್ತು.

ಮನೆಗೆ ಬಂದವರು ಹೆಂಡತಿಗೆ, "ತೆಗೆಯೋಕಾಗಲ್ಲವಂತೆ" ಎಂದಷ್ಟೇ ಹೇಳಿದರು. ಬೆರಳಿನ ಸುದ್ದಿ ಹೇಳಲಿಲ್ಲ. ಅವಳು ಕಡ್ಡಿಯನ್ನು ಬಾಯಿಗೆ ಬಂದಂತೆ ಬೈದಳು. ಪ್ರತಿ ಬೈಗುಳವೂ ಯಾರ ಮೇಲೆ ಬೀಳುತ್ತಿದೆ ಎಂದು ತಿಳಿಯದೆ ಮೇಷ್ಟ್ರು ತಲೆ ತಗ್ಗಿಸಿ ಕೂತರು.

ಮುಂದಿನ ಭಾನುವಾರ ಅಳಿಯನೇ ಬಂದ. ಬಾಗಿಲಲ್ಲೇ ನಿಂತು, "ಮಾವ, ನನಗೆ ಗೊತ್ತಿರಲಿಲ್ಲ. ಅದನ್ನ ಮನೆಯಿಂದ ಕಳಿಸಿಬಿಟ್ಟೆ. ಯಾರಿಗೋ ಕೊಟ್ಟೆ" ಎಂದ. ಅವನ ಕಿವಿ ಕೆಂಪಾಗಿತ್ತು.

"ಅಯ್ಯೋ, ಯಾಕೆ ಕೊಟ್ರಿ? ನೀವು ಆಡ್ಕೊಂಡಿರಬೇಕಿತ್ತು" ಎಂದರು ಮೇಷ್ಟ್ರು. "ಬನ್ನಿ, ಕೂತ್ಕೊಳ್ಳಿ."

ಅವನು ಕೂತ. ಹೆಂಡತಿ ಚಹಾ ತಂದಳು. ಕುಡಿದು ಲೋಟ ಕೆಳಗಿಟ್ಟ. "ಆಯ್ತು, ಬರ್ತೀನಿ" ಎಂದು ಎದ್ದು ಹೋದ.

ಮರುವರ್ಷ ಗೇಮಿನ ಎರಡನೆಯ ಭಾಗಕ್ಕೆ ಸಿದ್ಧತೆ ಶುರುವಾಯಿತು. ಕಡ್ಡಿ ಫೋನ್ ಮಾಡಿದ. ಹೊಸ ನಟರಿಗೆ ಬೀಳುವುದನ್ನು ಕಲಿಸಬೇಕು, ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರೆ ಸಾಕು. ಮೇಷ್ಟ್ರು ಎರಡು ದಿನ ಸಮಯ ಕೇಳಿದರು. ಮೂರನೆಯ ದಿನ ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, "ಹೋಗಿ. ಇಲ್ಲಿ ಕೂತು ಗೋಡೆ ನೋಡೋದಕ್ಕಿಂತ ಅಲ್ಲಿ ಹೋಗಿ ಹಾಸಿಗೆ ನೋಡಿ. ಇನ್ನೊಬ್ಬಳು ನನ್ನ ಥರ ಪಾತ್ರೆ ಬೀಳಿಸೋದು ತಪ್ಪುತ್ತೆ" ಎಂದಳು.

ಹೋದರು. ತಾವು ಮುಟ್ಟಿ ನೋಡದೆ ಯಾರೂ ಬೀಳಕೂಡದು ಎಂಬ ಒಂದೇ ಷರತ್ತು ಹಾಕಿದರು, ಕಡ್ಡಿ ಒಪ್ಪಿದ. ಪ್ರತಿ ಬೀಳಿನ ನಡುವೆ ಮೇಷ್ಟ್ರು ಊರುಗೋಲೂರಿ ಬಂದು, ಕಷ್ಟಪಟ್ಟು ಬಗ್ಗಿ, ಹಾಸಿಗೆಗಳ ಅಂಚು ಒತ್ತಿ ನೋಡುವ ತನಕ ಅರವತ್ತು ಕ್ಯಾಮೆರಾ, ಹನ್ನೆರಡು ಜನ ಕಾಯಬೇಕು. ಹೊಸಬರು ಬೆನ್ನ ಹಿಂದೆ ಅವರಿಗೆ ಹಾಸಿಗೆ ಮೇಷ್ಟ್ರು ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿತ್ತು. ಕಡ್ಡಿಗೂ ಅವರಿಗೂ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಒಂದು ದಿನ ಅವನು ಲೋಟ ಎತ್ತುವಾಗ ಮೇಷ್ಟ್ರ ಕಣ್ಣು ಆ ಬೆರಳ ಮೇಲೆ ನಿಂತಿತು. "ಕಡ್ಡಿ..." ಎಂದು ಶುರುಮಾಡಿದರು. ಅವನು, "ಹೇಳಿ ಮೇಷ್ಟ್ರೇ" ಎಂದ. "ಆ ಎಡಗಡೆ ಹಾಸಿಗೆ ಹಳೇದಾಗಿದೆ, ಬದಲಾಯಿಸು" ಎಂದರು.

ನಟರಲ್ಲಿ ಮುಂಚೆ ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದ ಮೂವತ್ತರ ಹೆಂಗಸೊಬ್ಬಳಿದ್ದಳು. ಎಲ್ಲರಿಗಿಂತ ಚೆನ್ನಾಗಿ ಬೀಳುತ್ತಿದ್ದಳು. ಒಂದು ಮಧ್ಯಾಹ್ನ ಗೋಡೆಯ ಪರದೆಯಲ್ಲಿ ಸೇತುವೆಯ ಬೀಳನ್ನು ಹಾಕಿಕೊಂಡು, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡುತ್ತಿದ್ದಳು. ಹೊಸಬರಿಗೆಲ್ಲ ಮಾದರಿ ಎಂದು ಅದನ್ನೇ ತೋರಿಸುತ್ತಿದ್ದರು. ಸದ್ದು ಮಾತ್ರ ಮೇಷ್ಟ್ರಿದ್ದಾಗ ಹಾಕುತ್ತಿರಲಿಲ್ಲ.

"ಮೇಷ್ಟ್ರೇ, ಇಲ್ಲಿ ಸೊಂಟ ಹೇಗೆ ತಿರುಗಿಸಿದ್ರಿ ಹೇಳಿಕೊಡಿ."

"ಅದನ್ನ ನೋಡಬೇಡಮ್ಮ" ಎಂದರು ಅವರು. "ಅದು ತಪ್ಪು ಬೀಳು. ನೋಡು, ಗದ್ದ ಮೇಲಿದೆ. ಉಸಿರು ಒಳಗೇ ಇದೆ. ಬಲಗೈ ನೆಲ ಮುಟ್ಟೋದು ತಡ ಆಗಿದೆ. ಕೆಳಗೆ ಏನಿದೆ ಅಂತ ನೋಡದೆ ಬಿದ್ದವನು ಹೀಗೆ ಬೀಳೋದು. ಇದನ್ನ ಕಲೀಬಾರದು."

ಅವಳು ಗಮನವಿಟ್ಟು ಕೇಳಿಸಿಕೊಂಡಳು. ಪರದೆಯ ಕಡೆ ಇನ್ನೊಮ್ಮೆ ನೋಡಿದಳು. "ಆದ್ರೂ ಇದೇ ಚೆನ್ನಾಗಿದೆಯಲ್ಲ ಮೇಷ್ಟ್ರೇ" ಎಂದಳು, ಮೆಲ್ಲಗೆ, ನೋಯಿಸುವ ಉದ್ದೇಶವೇನೂ ಇಲ್ಲದೆ.

ಮೇಷ್ಟ್ರಿಗೂ ಅದು ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ರಂಗದ ಮೇಲೆ ಸತ್ತ ಯಾವ ಸಾವೂ ಇದರ ಹತ್ತಿರ ಬರುವ ಹಾಗಿರಲಿಲ್ಲ. ಅವರು ಅವಳ ಕೈಯಿಂದ ರಿಮೋಟು ಇಸಿದುಕೊಂಡು ಪರದೆ ಆರಿಸಿದರು. ಆಮೇಲೆ ಹಾಸಿಗೆಯ ಪಕ್ಕ ಒಂದು ಮೊಣಕಾಲೂರಿ ಕೂತು, ಅಂಚಿನಿಂದ ಅಂಚಿಗೆ ಒತ್ತಿ ನೋಡಿ, "ಮೇಲೆ ಹತ್ತು, ಬೀಳು" ಎಂದರು.